ಮಗುಚಿಟ್ಟ ದೋಣಿಯ ಪಕ್ಕ ಒಂದು ಬೇಸಿಗೆ

ಸ್ವಾತಿ ಮಳೆ ಕಳೆದ ಮೇಲೆ ಗೆಳೆಯನ ಕೊಟ್ಟಿಗೆ ಪಕ್ಕದ ಸೋಗೆ ಮಾಡಿನಡಿ ಒಂದು ದೋಣಿ ಬಂದು ಕೂತಿತು. ಊರು ಸಾಗರ ತಾಲ್ಲೂಕಿನ ಕರೂರು ಹೋಬಳಿಯದು. ತೋಟ ದಾಟಿ ಇಳಿದರೆ ಶರಾವತಿಯ ಹಿನ್ನೀರು. ಹದಿನಾಲ್ಕು ಅಡಿಯ ಹಳೆಯ ಫೈಬರ್ ದೋಣಿ. ಹಿಂಬದಿಯಲ್ಲಿ ಔಟ್‌ಬೋರ್ಡ್ ಇಂಜಿನ್ ಕಚ್ಚಿಸುವ ದಪ್ಪ ಹಲಗೆ, ಮೂತಿಯಲ್ಲಿ ಸಾಮಾನಿಡುವ ಸಣ್ಣ ಗೂಡು. ಕರಾವಳಿಯಿಂದ ಘಟ್ಟ ಹತ್ತಿ ಬಂದು ಕೈಯಿಂದ ಕೈಗೆ ದಾಟಿ, ಕೊನೆಗೆ ದಂಡೆಯ ಮರಕ್ಕೆ ಕಟ್ಟಿಹಾಕಿದಲ್ಲೇ ಉಳಿದಿತ್ತು. ಮಳೆಗಾಲದಲ್ಲಿ ತೇಲುವುದು, ಬೇಸಿಗೆಯಲ್ಲಿ ಕೆಸರಿನಲ್ಲಿ ಕೂರುವುದು, ಅಷ್ಟೇ ಅದರ ಪ್ರಯಾಣ. ಎತ್ತಿ ತರಲು ಆರು ಜನ ಬೇಕಾಯಿತು. “ಫೈಬರ್ ಅಂದ್ರೆ ಹಗುರ ಅಂತಾರಲ್ಲ ಮಾರಾಯ” ಎಂದು ಗೆಳೆಯ ಸೊಂಟ ಹಿಡಿದುಕೊಂಡ. ನನ್ನ ಟಿಪ್ಪಣಿ ಪುಸ್ತಕದ ಮೊದಲ ಸಾಲು ಆ ಭಾರದ ಬಗ್ಗೆಯೇ ಇದೆ.

ಮೊದಲ ಎರಡು ವಾರ ನಾವು ಯಾವ ಸಲಕರಣೆಯನ್ನೂ ಮುಟ್ಟಲಿಲ್ಲ. ಹೊಸ ಮರವೊಂದರ ಬುಡದಲ್ಲಿ ಕೂತು ನೋಡುವ ಹಾಗೆ ನೋಡಿದೆವು. ನೀರಿನ ಗೆರೆಯ ಉದ್ದಕ್ಕೂ ಏರೋಪ್ಲೇನ್ ಚಿಟ್ಟೆಗಳು ಬಿಟ್ಟುಹೋದ ಪೊರೆಗಳು, ಬೆನ್ನು ಸೀಳಿ, ಆರೂ ಕಾಲು ಊರಿ ಹಾಗೇ ಅಂಟಿಕೊಂಡಿದ್ದವು. ಅವುಗಳ ಕೆಳಗೆ ಒಣಗಿದ ಪಾಚಿ. ನೀರು ಬಸಿಯುವ ತೂತಿನಲ್ಲಿ ಒಂದು ಮರಗಪ್ಪೆ. ಕಿತ್ತುಹೋದ ಸ್ಕ್ರೂಗಳ ರಂಧ್ರಕ್ಕೆ ಕಣಜವೊಂದು ಮಣ್ಣು ತುಂಬಿ ಮೊಟ್ಟೆಯಿಟ್ಟಿತ್ತು. ಹನ್ನೊಂದನೇ ದಿನ ನೆಲದಿಂದ ಹಿಂಬದಿಯ ಹಲಗೆಗೆ ಒರಲೆ ಮಣ್ಣಿನ ದಾರಿ ಕಟ್ಟಿರುವುದು ಕಂಡಿತು. ಒರಲೆಗೆ ಫೈಬರಿನ ಗಾಜಿನ ನೂಲಿನಲ್ಲಿ ತಿನ್ನುವುದೇನೂ ಇಲ್ಲ. ಅದು ಅಲ್ಲಿಗೆ ಹೊರಟಿದೆ ಎಂದರೆ ಒಳಗೆ ಮರವಿದೆ, ಆ ಮರಕ್ಕೊಂದು ಬಾಗಿಲೂ ತೆರೆದಿದೆ. ತಪಾಸಣೆಯ ಅರ್ಧವನ್ನು ಈ ಹುಳುಗಳೇ ಮಾಡಿ ಮುಗಿಸಿದ್ದವು.

ಉಳಿದರ್ಧ ಕಿವಿಯ ಕೆಲಸ. ಹಲಸಿನಕಾಯಿ ಬಲಿತಿದೆಯೇ ಎಂದು ತಟ್ಟಿ ನೋಡುವವರಿಗೆ ಇದನ್ನು ಕಲಿಸಬೇಕಾಗಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಗೇಣು ಗೇಣಿಗೂ ತಟ್ಟುತ್ತಾ ಹೋದೆವು. ಪದರಗಳು ಕೂಡಿಕೊಂಡಿರುವಲ್ಲಿ ‘ಠಕ್’ ಎಂಬ ಗಟ್ಟಿ ಸದ್ದು, ಬಿಟ್ಟುಕೊಂಡಿರುವಲ್ಲಿ ‘ದೊಬ್’. ತೋಟದ ಅಂಚಿನ ಒಣಮರದಲ್ಲಿ ಮರಕುಟಿಗವೂ ಅದೇ ಹೊತ್ತಿಗೆ ಅದೇ ಕೆಲಸದಲ್ಲಿತ್ತು. ‘ದೊಬ್’ ಎಂದಲ್ಲೆಲ್ಲ ಸೀಮೆಸುಣ್ಣದಿಂದ ಸುತ್ತು ಹಾಕಿದೆವು. ಸಂಜೆ ನೋಡಿದರೆ ಮೂತಿ ಮತ್ತು ಪಕ್ಕಗಳು ಬಹುಮಟ್ಟಿಗೆ ಸ್ವಚ್ಛ. ಸುತ್ತುಗಳೆಲ್ಲ ಹಿಂಬದಿಯಲ್ಲೂ ತಳದ ನಡುವೆಯೂ ಗುಂಪುಗೂಡಿದ್ದವು. ಹಿಂಬದಿಗೆ ಸಣ್ಣ ಬೈರಿಗೆಯಿಂದ ತೂತು ಕೊರೆದಾಗ ಬಂದದ್ದು ಹೊಟ್ಟಲ್ಲ, ಕಾಫಿ ಚರಟದಂಥ ಕಪ್ಪು ಮುದ್ದೆ. ತುಳಿಯುವ ಹಲಗೆ ಎತ್ತಿದಾಗ ತೇಲಲೆಂದು ಒಳಗೆ ತುಂಬಿದ್ದ ಫೋಮ್ ಹಿಂಡಿದರೆ ನೀರು ಸುರಿಸಿತು. ಆರು ಜನರ ಭಾರದ ಗುಟ್ಟು ಅದು.

ತಳದಲ್ಲಿ ಇನ್ನೊಂದು ಕಾಯಿಲೆ ಕಂಡಿತು: ಸಾಸಿವೆಯಿಂದ ನೆಲ್ಲಿಕಾಯಿ ಗಾತ್ರದವರೆಗಿನ ಗುಳ್ಳೆಗಳು. ಒಂದನ್ನು ಚುಚ್ಚಿದೆ. ಜಿಡ್ಡು ಜಿಡ್ಡಾದ ದ್ರವ, ಹುಳಿ ವಾಸನೆ. ಫೈಬರ್ ದೋಣಿ ಎಂದರೆ ಗಾಜಿನ ನೂಲಿನ ಚಾಪೆಗೆ ರೆಸಿನ್ ಉಣಿಸಿ ಪದರ ಪದರವಾಗಿ ಗಟ್ಟಿ ಮಾಡಿದ್ದು. ಹೊರಮೈಗೆ ಬಣ್ಣದ ತೊಗಲಿನಂತೆ ಜೆಲ್‌ಕೋಟ್. ಆ ತೊಗಲು ನೀರನ್ನು ಪೂರ್ತಿ ತಡೆಯುವುದಿಲ್ಲ. ವರ್ಷಗಟ್ಟಲೆ ನೆನೆದರೆ ನೀರು ಒಳಗಿಳಿದು, ರೆಸಿನ್‌ನಲ್ಲಿ ಗಟ್ಟಿಯಾಗದೆ ಉಳಿದ ರಾಸಾಯನಿಕಗಳನ್ನು ಕರಗಿಸುತ್ತದೆ. ಆ ಮಂದ ದ್ರಾವಣ ಹೊರಗಿನ ನೀರನ್ನು ಮತ್ತಷ್ಟು ಎಳೆದುಕೊಂಡು ಉಬ್ಬುತ್ತದೆ. ನೆನೆಹಾಕಿದ ಒಣದ್ರಾಕ್ಷಿ ಉಬ್ಬುವ ಬಗೆಯೇ ಇದು. ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಈ ಎಳೆತ ಹೆಚ್ಚು. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಪಟ್ಟಗುಪ್ಪೆ ಬಳಿ ಹರಿದ್ರಾವತಿಯನ್ನು ಕೂಡಿಕೊಂಡು ಸಾಗರದತ್ತ ಬರುತ್ತದೆ. ಮೂರು ತಾಲ್ಲೂಕಿನ ಮಳೆನೀರು, ಎಲ್ಲ ಸಿಹಿ. ಕಡಲಿಗೆಂದು ಮಾಡಿದ ದೋಣಿ ಕಡಲಿಗಿಂತ ಬೇಗ ಗುಳ್ಳೆ ಏಳುವ ನೀರಿಗೆ ಬಂದು ಬಿದ್ದಿತ್ತು.

ಗುಳ್ಳೆಗಳ ನಡುವೆ ಉದ್ದುದ್ದ ಗೀರುಗಳೂ ಇದ್ದವು. ಅವುಗಳ ಕಥೆ ಕೇಳಲು ಹಿನ್ನೀರಿಗೇ ಹೋಗಬೇಕು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದಾಗ ಹಳ್ಳಿ, ಗದ್ದೆ, ಕಾಡುಗಳ ಜೊತೆಗೆ ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಬೇಸಿಗೆಯಲ್ಲಿ ಮಟ್ಟ ಇಳಿದಂತೆ ಆ ಕಾಡಿನ ಬೊಡ್ಡೆಗಳು ಒಂದೊಂದಾಗಿ ತಲೆಯೆತ್ತುತ್ತವೆ, ನೀರುಕಾಗೆಗಳು ಅವುಗಳ ಮೇಲೆ ರೆಕ್ಕೆ ಹರಡಿ ಒಣಗಿಸುತ್ತವೆ. ದೋಣಿಗೆ ಅಪಾಯ ಕಾಣುವ ಬೊಡ್ಡೆಯಿಂದಲ್ಲ, ನೀರಿನಿಂದ ನಾಲ್ಕೇ ಬೆರಳು ಕೆಳಗಿರುವುದರಿಂದ. ಆಗ ಹೊಳೆಬಾಗಿಲು, ಹಸಿರುಮಕ್ಕಿಗಳಲ್ಲಿ ಜನರನ್ನು ದಾಟಿಸುತ್ತಿದ್ದ ಲಾಂಚ್ ಕಬ್ಬಿಣದ್ದು; ತಗುಲಿದರೆ ತಗ್ಗು ಬೀಳುತ್ತದೆ. ಫೈಬರ್ ತಗ್ಗು ಬೀಳುವುದಿಲ್ಲ, ಸೀಳುತ್ತದೆ, ಸೀಳಿನಲ್ಲಿ ನೀರು ಕುಡಿಯುತ್ತದೆ.

ಕರಾವಳಿಯಿಂದ ಬಂದ ಮೇಸ್ತ್ರಿ ಎಲ್ಲ ಸುತ್ತುಗಳನ್ನೂ ನೋಡಿ ಒಂದೇ ಮಾತು ಹೇಳಿದರು: “ಗಡಿಬಿಡಿ ಬೇಡ ಮಾರಾಯ್ರೆ. ಒಳಗೆ ನೀರಿಟ್ಕೊಂಡು ಮೇಲೆ ಎಷ್ಟು ಬಳಿದ್ರೂ ವ್ಯರ್ಥ.” ಕೊಳೆತ ಮರವನ್ನು ಉಳಿಯಿಂದ ಕೆರೆದು, ಫೋಮನ್ನು ಚೀಲಕ್ಕೆ ತುಂಬಿ ತೆಗೆದೆವು. ದೋಣಿಯನ್ನು ಮಗುಚಿ, ಗುಳ್ಳೆಗಳನ್ನು ಒಂದೊಂದಾಗಿ ಉಜ್ಜಿ ಬಾಯಿ ತೆರೆದು, ಆ ಹುಳಿ ಹೋಗುವವರೆಗೆ ದಿನಾ ಸಿಹಿನೀರಿನಲ್ಲಿ ತೊಳೆದೆವು. ಆಮೇಲೆ ಒಣಗಲು ಬಿಟ್ಟೆವು. ಒಣಗಿದೆಯೇ ಎಂದು ತಿಳಿಯಲು ಪ್ಲಾಸ್ಟಿಕ್ ಹಾಳೆಯ ಒಂದು ತುಂಡು ಸಾಕು: ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಬಿಸಿಲಿಗೆ ಬಿಟ್ಟರೆ, ಒಳಗೆ ತೇವವಿದ್ದಲ್ಲಿ ಹಾಳೆಯ ಅಡಿ ಬೆವರುತ್ತದೆ. ಫೆಬ್ರವರಿಯಲ್ಲಿ ಹನಿಗಟ್ಟಿತು. ಮಾರ್ಚ್ ಮೊದಲ ವಾರ ಹನಿಯಿಲ್ಲ, ಮಂಜು ಮಾತ್ರ. ಗೆಳೆಯನಿಗೆ ಅಷ್ಟೇ ಸಾಕಾಗಿತ್ತು. ರೆಸಿನ್ ಡಬ್ಬ ತಂದೇಬಿಟ್ಟ.

ಮರುದಿನ ಬೆಳಿಗ್ಗೆ ಮಡಿವಾಳ ಹಕ್ಕಿಯ ಹೆಣ್ಣೊಂದು ಬಾಯಲ್ಲಿ ನಾರು ಕಚ್ಚಿಕೊಂಡು ದೋಣಿಯಡಿ ನುಸುಳಿತು. ಮೂತಿಯ ಸಾಮಾನು ಗೂಡಿನಲ್ಲಿ ಅದರ ಸಂಸಾರ. ಮಗುಚಿದ್ದರಿಂದ ಸೂರು ನೆಲವಾಗಿ ಒಳ್ಳೆಯ ಕೋಣೆಯೇ ಸಿಕ್ಕಿತ್ತು. ವಾರದಲ್ಲಿ ನಾಲ್ಕು ಮೊಟ್ಟೆ, ತಿಳಿ ನೀಲಿಹಸಿರಿನ ಮೇಲೆ ಕಂದು ಚುಕ್ಕಿ. ಗಂಡು ದಿನಾ ಮಗುಚಿದ ತಳದ ನೆತ್ತಿಯಲ್ಲಿ ಕೂತು ಬಾಲ ಎತ್ತಿ ಹಾಡುತ್ತಿತ್ತು. ರೆಸಿನ್ ಹೊಗೆಯಲ್ಲಿ ಮರಿ ಉಳಿಯುವುದಿಲ್ಲ. ಎರಡು ವಾರ ಕಾವು, ಇನ್ನೆರಡು ವಾರ ಮರಿ ಎಂದು ಲೆಕ್ಕ ಹೇಳಿದೆ. ಗೆಳೆಯ ಆಕಾಶ ನೋಡಿದ, ಗೊಣಗಿದ, ಡಬ್ಬವನ್ನು ಅಟ್ಟಕ್ಕೆ ಹಾಕಿದ.

ಏಪ್ರಿಲ್ ನಡುವೆ ಮರಿಗಳು ಹಾರಿದವು. ಅಂದು ಹಾಳೆ ಅಂಟಿಸಿದೆವು. ಸಂಜೆಗೆ ತೆಗೆದಾಗ ಹಾಳೆಯೂ ಒಣ, ಕೆಳಗೂ ಒಣ. ಹಕ್ಕಿ ನಮಗೆ ಉಪಕಾರ ಮಾಡಿತೆಂದು ಹೇಳಲಾರೆ, ಅದು ತನ್ನ ಕೆಲಸ ನೋಡಿಕೊಂಡಿತು. ಆದರೆ ಮಾರ್ಚಿನಲ್ಲಿ ಬಳಿದಿದ್ದರೆ ಆ ಮಂಜನ್ನು ನಾವೇ ಒಳಗಿಟ್ಟು ಮುಚ್ಚಿದಂತಾಗುತ್ತಿತ್ತು.

ಆಮೇಲಿನದು ಎಂಟು ದಿನದ ಕೆಲಸ. ಹಿಂಬದಿಗೆ ಮರೈನ್ ಪ್ಲೈವುಡ್ ಕೂರಿಸಿ ಗಾಜಿನ ನೂಲಿನ ಚಾಪೆ ಹಾಸಿ ರೆಸಿನ್ ಉಣಿಸಿದೆವು. ಗುಳ್ಳೆಯ ಕುಳಿಗಳಿಗೆ ಎಪಾಕ್ಸಿ ತುಂಬಿದೆವು. ಹಳೆಯ ಮೈಗೆ ಅದು ಗಟ್ಟಿಯಾಗಿ ಕಚ್ಚುತ್ತದೆ, ನೀರನ್ನೂ ಕಡಿಮೆ ಬಿಡುತ್ತದೆ. ರೆಸಿನ್ ಗಟ್ಟಿಯಾಗಲು ಹಾಕುವ ಹಾರ್ಡನರನ್ನೂ ಕೋಬಾಲ್ಟನ್ನೂ ಯಾವತ್ತೂ ನೇರವಾಗಿ ಬೆರೆಸಬಾರದು, ಸಿಡಿಯುತ್ತದೆ. ಮೇಸ್ತ್ರಿ ಎರಡು ಬಾಟಲಿಗಳನ್ನು ಎರಡು ಮೂಲೆಯಲ್ಲಿಟ್ಟಿದ್ದರು. ಕಡಲ ದೋಣಿಗಳ ತಳಕ್ಕೆ ಜೀವಿಗಳು ಅಂಟದಂತೆ ತಾಮ್ರದ ಬಣ್ಣ ಬಳಿಯುವುದುಂಟು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಹೊಡೆಯುವ ನಮಗೆ ತಾಮ್ರದ ಗುಣ ಗೊತ್ತು. ಮೀನಿರುವ ನೀರಿಗೆ ಅದು ಬೇಡವೆಂದು ಬಿಟ್ಟೆವು. ಏರೋಪ್ಲೇನ್ ಚಿಟ್ಟೆಗಳು ಹತ್ತಿಕೊಳ್ಳಲಿ. ಉಜ್ಜಿದ ಪುಡಿಯಲ್ಲಿ ಗಾಜಿನ ನೂಲಿನ ಚೂರಿರುತ್ತದೆ, ಚರ್ಮಕ್ಕೂ ಶ್ವಾಸಕೋಶಕ್ಕೂ ಕೇಡು. ಆ ಕೆಲಸವನ್ನೆಲ್ಲ ದಂಡೆಯಿಂದ ದೂರ, ಮುಖಕ್ಕೆ ಮಾಸ್ಕ್ ಕಟ್ಟಿ, ಕೆಳಗೆ ಟಾರ್ಪಾಲು ಹಾಸಿಯೇ ಮಾಡಿದ್ದು.

ಮೇ ಮೊದಲ ವಾರ ದೋಣಿಯನ್ನು ನೀರಿಗಿಳಿಸಲು ನಾಲ್ಕು ಜನ ಸಾಕಾದರು. ಆಗಿನ್ನೂ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆಯ ಕೆಲಸ ನಡೆದಿತ್ತು. 2025ರ ಜುಲೈ 14ರಂದು ಅದು ತೆರೆಯಿತು. ದಾಟಲು ದೋಣಿ ಬೇಕಿಲ್ಲದ ಊರುಗಳಲ್ಲಿ ಹಳೆಯ ದೋಣಿಗಳು ದಂಡೆಯಲ್ಲೇ ಉಳಿಯುತ್ತವೆ.  ಮರದ ದೋಣಿಯನ್ನು ದಂಡೆಯಲ್ಲಿ ಬಿಟ್ಟರೆ ಕೆಲವೇ ಮಳೆಗಾಲಕ್ಕೆ ಒರಲೆ, ಅಣಬೆ ಸೇರಿ ಮಣ್ಣಿಗೆ ಒಪ್ಪಿಸುತ್ತವೆ. ಫೈಬರನ್ನು ಅವು ಮುಟ್ಟುವುದಿಲ್ಲ. ಅದು ಬಿಸಿಲಿಗೆ ಪುಡಿಯಾಗಿ ಮೀನಿನ ನೀರಿಗೇ ಇಳಿಯುತ್ತದೆ; ಸುಟ್ಟರೆ ವಿಷದ ಹೊಗೆ. ಆದ್ದರಿಂದ ಹಿನ್ನೀರಿನ ದಂಡೆಯಲ್ಲಿ ಅಂಥದ್ದೊಂದು ಕಂಡರೆ ದಾಟಿ ಹೋಗಬೇಡಿ, ಬೆರಳ ಗೆಣ್ಣಿನಿಂದ ತಟ್ಟಿ. ‘ಠಕ್’ ಎಂದರೆ ದೋಣಿ ಇನ್ನೂ ಬದುಕಿದೆ. ‘ದೊಬ್’ ಎಂದರೆ, ನಿಮ್ಮಲ್ಲಿ ಒಂದು ಇಡೀ ಬೇಸಿಗೆ ಇದೆಯೇ ಎಂದು ನೋಡಿಕೊಳ್ಳಿ.