ಟ್ಯೂರಿನ್‌ನ ನಾರುಮಡಿ: ಸಂದೇಹ ಮೊದಲು ಎದ್ದದ್ದು ಚರ್ಚಿನೊಳಗೆ

ಇಟಲಿಯ ಟ್ಯೂರಿನ್ ನಗರದ ಪ್ರಧಾನಾಲಯದಲ್ಲಿ ಸುಮಾರು 4.4 ಮೀಟರ್ ಉದ್ದ, 1.1 ಮೀಟರ್ ಅಗಲದ ಒಂದು ನಾರುಮಡಿ ಇದೆ. ಗಡ್ಡಧಾರಿ ಪುರುಷನೊಬ್ಬನ ಮುಂಭಾಗ, ಬೆನ್ನು ಎರಡೂ ಅದರ ಮೇಲೆ ನಸುಗಂದು ಬಣ್ಣದಲ್ಲಿ ಮೂಡಿವೆ. ಮಣಿಕಟ್ಟು, ಪಾದ, ಪಕ್ಕೆಗಳಲ್ಲಿ ಗಾಯದ ಗುರುತುಗಳಿವೆ. ಶಿಲುಬೆಯಿಂದ ಇಳಿಸಿದ ಯೇಸುವಿನ ದೇಹಕ್ಕೆ ಸುತ್ತಿದ್ದು ಇದೇ ಬಟ್ಟೆ ಎಂದು ಅಸಂಖ್ಯಾತ ಭಕ್ತರು ನಂಬುತ್ತಾರೆ.

ಬಟ್ಟೆಯ ಖಚಿತ ಚರಿತ್ರೆ ತೊಡಗುವುದು 1350ರ ದಶಕದಲ್ಲಿ, ಫ್ರಾನ್ಸಿನ ಲಿರೇ ಎಂಬ ಹಳ್ಳಿಯಲ್ಲಿ. ಅದಕ್ಕೂ ಹಿಂದಿನ ಹದಿಮೂರು ಶತಮಾನ ಇದು ಎಲ್ಲಿತ್ತು ಎನ್ನುವುದಕ್ಕೆ ಎಲ್ಲರೂ ಒಪ್ಪುವ ದಾಖಲೆಯಿಲ್ಲ. 1389ರಲ್ಲಿ ತ್ರ್ವಾ ಧರ್ಮಪ್ರಾಂತ್ಯದ ಬಿಷಪ್ ಪಿಯೆರ್ ದಾರ್ಸಿ ಇದರ ವಿರುದ್ಧವೇ ಪತ್ರ ಬರೆದರು. ಅವಿನ್ಯೋನ್‌ನಲ್ಲಿ ಪೋಪ್ ಪೀಠ ಹೂಡಿದ್ದ ಏಳನೆಯ ಕ್ಲೆಮೆಂಟ್‌ಗೆ ಅವರು ತಿಳಿಸಿದ್ದು ಇಷ್ಟು: ಇದು ಬರೆದ ಚಿತ್ರ, ಹಿಂದಿನ ಬಿಷಪ್ಪರ ವಿಚಾರಣೆಯಲ್ಲಿ ಚಿತ್ರಕಾರನೇ ಹಾಗೆಂದು ಒಪ್ಪಿಕೊಂಡಿದ್ದಾನೆ. ಕ್ಲೆಮೆಂಟ್ ಪ್ರದರ್ಶನವನ್ನು ನಿಲ್ಲಿಸಲಿಲ್ಲ. ಆದರೆ ಇದು ನಿಜವಾದ ಶವವಸ್ತ್ರವಲ್ಲ, ಅದರ ಪ್ರತಿರೂಪ ಮಾತ್ರ ಎಂದು ಜನರ ಮುಂದೆ ಸಾರಬೇಕೆಂದು 1390ರಲ್ಲಿ ಷರತ್ತು ಹಾಕಿದರು. ಹುಸಿ ಅವಶೇಷಗಳಿಂದ ಭಕ್ತಿ ಕೆಡುತ್ತದೆಂಬ ಕಳಕಳಿ ಆ ಬಿಷಪ್ಪರ ಪತ್ರದುದ್ದಕ್ಕೂ ಇದೆ. ಅದನ್ನು ಅಸೂಯೆಯ ಮಾತೆಂದು ತಳ್ಳಿಹಾಕುವುದು ಅನ್ಯಾಯ.

ಬಟ್ಟೆ ಮುಂದೆ ಸವೊಯ್ ರಾಜಮನೆತನದ ಕೈಸೇರಿತು. 1532ರ ಬೆಂಕಿಯಲ್ಲಿ ಅಲ್ಲಲ್ಲಿ ಸುಟ್ಟು, 1578ರಲ್ಲಿ ಟ್ಯೂರಿನ್‌ಗೆ ಬಂತು. 1898ರಲ್ಲಿ ಸೆಕೊಂದೊ ಪಿಯಾ ತೆಗೆದ ಛಾಯಾಚಿತ್ರದ ನೆಗೆಟಿವ್‌ನಲ್ಲಿ ಮುಖ ಬೆರಗಾಗುವಷ್ಟು ಸ್ಪಷ್ಟವಾಗಿ ಕಾಣಿಸಿತು. ವಿಜ್ಞಾನಿಗಳ ಕಣ್ಣು ಇತ್ತ ಹರಿದದ್ದು ಆಗಲೇ.

1988ರಲ್ಲಿ ಬಟ್ಟೆಯ ಒಂದು ಮೂಲೆಯಿಂದ ಕತ್ತರಿಸಿದ ಪಟ್ಟಿಯನ್ನು ಆಕ್ಸ್‌ಫರ್ಡ್, ಜ್ಯೂರಿಕ್, ಟೂಸಾನ್ ಪ್ರಯೋಗಾಲಯಗಳಿಗೆ ಹಂಚಲಾಯಿತು. ಅಗಸೆ ಗಿಡ ಕಟಾವಾದ ದಿನದಿಂದ ಅದರ ನಾರಿನಲ್ಲಿರುವ ಇಂಗಾಲ-14 ಕ್ಷಯಿಸುತ್ತಾ ಹೋಗುತ್ತದೆ. ಉಳಿದ ಪ್ರಮಾಣವೇ ವಯಸ್ಸನ್ನು ಹೇಳುತ್ತದೆ. ಬಂದ ಉತ್ತರ ಕ್ರಿ.ಶ. 1260ರಿಂದ 1390, ಶೇ 95ರ ಖಚಿತತೆಯೊಂದಿಗೆ. ಬಿಷಪ್ಪರ ಪತ್ರಕ್ಕೂ ಪರಮಾಣುವಿನ ಲೆಕ್ಕಕ್ಕೂ ಯಾವ ನಂಟೂ ಇಲ್ಲ. ಆದರೂ ಎರಡೂ ಒಂದೇ ಕಾಲದತ್ತ ಬೆರಳು ಮಾಡುತ್ತವೆ. ಈ ಹೊಂದಿಕೆಯೇ ಅತ್ಯಂತ ಬಲವಾದ ಸಾಕ್ಷ್ಯ.

ಆಕ್ಷೇಪಗಳಿವೆ. ಆ ಮೂಲೆಗೆ ನಂತರ ತೇಪೆ ನೇಯ್ದಿರಬಹುದು ಎಂದು ರಸಾಯನಶಾಸ್ತ್ರಜ್ಞ ರೇಮಂಡ್ ರಾಜರ್ಸ್ 2005ರಲ್ಲಿ ವಾದಿಸಿದರು. 2002ರ ದುರಸ್ತಿ ನಡೆಸಿದ್ದ ಜವಳಿತಜ್ಞೆ ಮೆಕ್ತಿಲ್ಡ್ ಫ್ಲೂರಿ-ಲೆಂಬರ್ಗ್‌ಗೆ ಅಂಥ ನೇಯ್ಗೆಯ ಸುಳಿವು ಸಿಕ್ಕಿರಲಿಲ್ಲ. ಮೂರು ಪ್ರಯೋಗಾಲಯಗಳ ಅಂಕಿಗಳು ಪರಸ್ಪರ ಪೂರ್ತಿ ಹೊಂದುವುದಿಲ್ಲ ಎಂದು 2019ರ ವಿಶ್ಲೇಷಣೆ ತೋರಿಸಿತು. ಮರುಪರೀಕ್ಷೆ ಬೇಕೆನ್ನಲು ಅದು ಸಕಾರಣ; ಬಟ್ಟೆಯನ್ನು ಒಂದನೆಯ ಶತಮಾನಕ್ಕೆ ಒಯ್ಯಲು ಸಾಲದು.

ಚಿತ್ರ ಮೂಡಿದ ಬಗೆಯ ಬಗ್ಗೆ ಒಮ್ಮತವಿಲ್ಲ. 1978ರಲ್ಲಿ ಪರೀಕ್ಷಿಸಿದ ಅಮೆರಿಕನ್ ತಂಡ ಇದು ಬಣ್ಣದಿಂದಾದದ್ದಲ್ಲ ಎಂದಿತು. ಸೂಕ್ಷ್ಮದರ್ಶಕ ತಜ್ಞ ವಾಲ್ಟರ್ ಮೆಕ್ರೋನ್‌ ಕೆಮ್ಮಣ್ಣಿನ ಕಣಗಳಿವೆ ಎಂದರು. ಇದು ವಿಜ್ಞಾನಿಗಳು ಬಿಡಿಸಬೇಕಾದ ಪ್ರಶ್ನೆ, ಚರ್ಚಿನದಲ್ಲ ಎಂದು 1998ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಟ್ಯೂರಿನ್‌ನಲ್ಲೇ ಹೇಳಿದರು. ಯೇಸುವಿನ ಯಾತನೆಯನ್ನು ನೆನಪಿಸುವ ಪ್ರತಿಮೆಯಾಗಿ ಅದರ ದರ್ಶನ ಇಂದಿಗೂ ನಡೆಯುತ್ತದೆ.