ರಜೆಗೆ ಯಾವ ದ್ವೀಪ?

ಪರೀಕ್ಷೆ ಮುಗಿದಿದೆ. ಈ ಸಲ ಅಜ್ಜಿಯ ಊರಲ್ಲ, ದ್ವೀಪಕ್ಕೇ ಹೋಗಬೇಕೆಂದು ಮಕ್ಕಳ ಹಟ. ಖರ್ಚೆಷ್ಟಾದೀತು ಎಂದು ಅಪ್ಪನ ಲೆಕ್ಕ. ಹಡಗಿನ ಪ್ರಯಾಣ ಒಗ್ಗೀತೇ ಎಂದು ಅಮ್ಮನ ಆತಂಕ. ಭೂಪಟ ಬಿಡಿಸಿದರೆ ಪಶ್ಚಿಮಕ್ಕೆ ಅರಬ್ಬೀ ಸಮುದ್ರದಲ್ಲಿ ಲಕ್ಷದ್ವೀಪ, ಪೂರ್ವಕ್ಕೆ ಬಂಗಾಳಕೊಲ್ಲಿಯಲ್ಲಿ ಅಂಡಮಾನ್. ಭೂಪಟದಲ್ಲಿ ಎರಡೂ ಚುಕ್ಕೆಗಳೇ. ಆದರೆ ಹುಟ್ಟಿನಲ್ಲೂ ಸ್ವಭಾವದಲ್ಲೂ ಅಜಗಜಾಂತರ. ಅದನ್ನು ಅರಿತು ಆರಿಸಿದರೆ ಹಣವೂ ಸಾರ್ಥಕ, ರಜೆಯೂ ಸಾರ್ಥಕ.

ಹವಳದ ನೆಲ

ಲಕ್ಷದ್ವೀಪ ಹವಳಜೀವಿಗಳು ಕಟ್ಟಿದ ನಾಡು. ಒಟ್ಟು ನೆಲ ಸುಮಾರು 32 ಚದರ ಕಿ.ಮೀ. ಮಾತ್ರ. ಬೆಟ್ಟವಿಲ್ಲ, ನದಿಯಿಲ್ಲ, ತೆಂಗು, ಬಿಳಿ ಮರಳು, ಸುತ್ತ ತಿಳಿನೀರು. ಈಜು, ಮೀನು, ಹವಳಗಳಲ್ಲಿ ಆಸಕ್ತಿಯುಳ್ಳವರಿಗೆ ಇದು ತೆರೆದ ಪ್ರಯೋಗಶಾಲೆ. ಕೊಚ್ಚಿಯಿಂದ ಹಡಗೂ ಉಂಟು, ಅಗತ್ತಿಗೆ ವಿಮಾನವೂ ಉಂಟು. ಆದರೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಆದ್ದರಿಂದ ಕೊನೆಯ ಗಳಿಗೆಯ ಓಡಾಟ ಇಲ್ಲಿ ನಡೆಯದು.

ಕನ್ನಡಿಗರಿಗೆ ಇದು ತೀರ ಪರಕೀಯ ನೆಲವೂ ಅಲ್ಲ. ಇಲ್ಲಿನ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ದ್ವೀಪವಾಸಿಗಳು ಮಂಗಳೂರಿಗೆ ತೆಂಗಿನ ನಾರು ತಂದು ಅಕ್ಕಿ ಒಯ್ಯುತ್ತಿದ್ದರು.

ಮುಳುಗಿದ ಬೆಟ್ಟಸಾಲು

ಅಂಡಮಾನ್ ದ್ವೀಪಗಳು ಮ್ಯಾನ್ಮಾರಿನ ಅರಕಾನ್ ಪರ್ವತಸಾಲಿನ ಮುಂದುವರಿಕೆ. ಸಮುದ್ರದಿಂದ ಮೇಲೆ ಕಾಣುವುದು ಅದರ ಶಿಖರಗಳಷ್ಟೇ. ಅಲ್ಲಿನ ಸ್ಯಾಡಲ್ ಪೀಕ್ 732 ಮೀಟರ್ ಎತ್ತರವಿದೆ. ದಟ್ಟ ಕಾಡು, ಕಾಂಡ್ಲಾವನ ಎರಡೂ ಇವೆ. ರಾಜಧಾನಿ ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಮರುನಾಮಕರಣವಾಯಿತು. 1906ರಲ್ಲಿ ಪೂರ್ಣಗೊಂಡ ಸೆಲ್ಯುಲರ್ ಜೈಲು ಇರುವುದು ಇಲ್ಲಿಯೇ. ಅದರ ಏಳು ಸಾಲುಗಳಲ್ಲಿ ಉಳಿದಿರುವುದು ಮೂರು. ಒಂದು ಕೋಣೆಯೊಳಗೆ ಕ್ಷಣಹೊತ್ತು ನಿಂತರೆ ಸ್ವಾತಂತ್ರ್ಯ ಹೋರಾಟದ ಪಾಠ ಮತ್ತೆ ಮರೆಯದು. ಚೆನ್ನೈಯಿಂದ ಹಡಗಿನಲ್ಲಿ ಸುಮಾರು ಮೂರು ದಿನ ಹಿಡಿಯುವುದರಿಂದ ರಜೆ ಕಡಿಮೆಯಿದ್ದವರಿಗೆ ವಿಮಾನವೇ ಗತಿ.

ಮಳೆ ಕೇಳಿ ಹೊರಡಿ

ನೈರುತ್ಯ ಮುಂಗಾರು ಕೇರಳಕ್ಕಿಂತ ಮೊದಲೇ, ಸಾಮಾನ್ಯವಾಗಿ ಮೇ ಮೂರನೆಯ ವಾರದ ಹೊತ್ತಿಗೆ, ಅಂಡಮಾನ್ ತಲುಪುತ್ತದೆ. ಕಡಲು ಕೆರಳಿದರೆ ದೋಣಿಗಳು ನಿಲ್ಲುತ್ತವೆ, ದುಡ್ಡು ಕೊಟ್ಟವರು ಕೋಣೆಯಲ್ಲೇ ಕೂರಬೇಕಾಗುತ್ತದೆ. ಬೇಸಗೆ ರಜೆಯಾದರೆ ಏಪ್ರಿಲ್‌ನಲ್ಲೇ ಹೋಗಿ ಬರುವುದು ಜಾಣತನ.

ಇನ್ನೊಂದು ಮಾತು ನೀರಿನದು. ಲಕ್ಷದ್ವೀಪದಲ್ಲಿ ಮರಳಿನೊಳಗೆ ಇಂಗಿದ ಮಳೆನೀರು ಉಪ್ಪುನೀರಿನ ಮೇಲೆ ತೆಳುಪದರವಾಗಿ ನಿಂತಿರುತ್ತದೆ. ಹೆಚ್ಚು ಎತ್ತಿದರೆ ಬಾವಿಗೆ ಉಪ್ಪು ನುಗ್ಗುತ್ತದೆ. ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ ಘಟಕ ಆರಂಭಿಸಬೇಕಾಯಿತು. ಪ್ರವಾಸಿಗ ಸುರಿಯುವ ಪ್ರತಿ ಬಕೆಟ್ ನೀರೂ ಅಲ್ಲಿನ ಮನೆಯೊಂದರ ಪಾಲಿನದು. ನೆನಪಿಗೆಂದು ಹವಳದ ತುಂಡನ್ನು ಚೀಲಕ್ಕೆ ಸೇರಿಸುವುದೂ ಸಲ್ಲದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ಇಷ್ಟು ದೂರ, ಇಷ್ಟು ಖರ್ಚು ಈ ವರ್ಷ ಬೇಡವೆನಿಸಿದರೆ ಬೇಸರಪಡಬೇಕಿಲ್ಲ. ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರೀಸ್ ದ್ವೀಪ. ಕಂಬ ಜೋಡಿಸಿಟ್ಟಂತಿರುವ ಅಲ್ಲಿನ ಬಂಡೆಗಳು ಎಂಟು ಕೋಟಿ ವರ್ಷಗಳಿಗೂ ಹಿಂದೆ, ಭಾರತ ಮಡಗಾಸ್ಕರ್‌ನಿಂದ ಬೇರ್ಪಟ್ಟ ಕಾಲದಲ್ಲಿ ಉಕ್ಕಿದ ಲಾವಾರಸ. ಮಳೆಗಾಲದಲ್ಲಿ ಮಾತ್ರ ದೋಣಿ ಬಿಡುವುದಿಲ್ಲ. ಒಂದೇ ದಿನದ ಪ್ರವಾಸ, ಬುತ್ತಿ ಕಟ್ಟಿಕೊಂಡರೆ ಸಾಕು. ದೂರದ ದ್ವೀಪಕ್ಕೆ ಇದು ಒಳ್ಳೆಯ ಪೂರ್ವತಯಾರಿ.