ಹಾಲು ಕರೆಯುವ ಯಂತ್ರಕ್ಕೆ ಇನ್ವರ್ಟರ್: ಕೊಳ್ಳುವ ಮುನ್ನ ತಿಳಿಯಿರಿ

ಮಳೆಗಾಲದಲ್ಲಿ ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿ ಭಾಗದಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟ್ ಯಾವಾಗ ಬರುವುದೋ ಹೇಳಲಾಗದು. ಯಂತ್ರ ಅರ್ಧಕ್ಕೆ ನಿಂತು ಹಾಲು ಕೆಚ್ಚಲಲ್ಲೇ ಉಳಿದರೆ ಕೆಚ್ಚಲು ಬಾವಿನ ಭಯ. ಹಾಗೆಂದು ಬೆಳಗಾವಿಯ ಸದಾಶಿವನಗರದ ಮನೆಗಳಲ್ಲಿ ದೀಪ, ಫ್ಯಾನು, ಟಿವಿ ನಡೆಸುವಂಥ ಇನ್ವರ್ಟರನ್ನೇ ಕೊಟ್ಟಿಗೆಗೂ ತಂದರೆ ಹಣ ವ್ಯರ್ಥವಾದೀತು.

ಬ್ಯಾಟರಿಯಲ್ಲಿರುವುದು ಒಂದೇ ದಿಕ್ಕಿಗೆ ಹರಿಯುವ ಡಿಸಿ ವಿದ್ಯುತ್. ಮೋಟಾರಿಗೆ ಬೇಕಾದದ್ದು ದಿಕ್ಕು ಬದಲಿಸುತ್ತಿರುವ 230 ವೋಲ್ಟ್ ಎಸಿ. ಡಿಸಿಯನ್ನು ಎಸಿಗೆ ಪರಿವರ್ತಿಸುವುದೇ ಇನ್ವರ್ಟರ್ ಕೆಲಸ.

ಸಾಮರ್ಥ್ಯ: 1 ಎಚ್‌ಪಿ ಮೋಟಾರು ಓಡುವಾಗ ಸುಮಾರು 1000 ವ್ಯಾಟ್ ಬಳಸುತ್ತದೆ. ಆದರೆ ಶುರುವಾಗುವ ಕ್ಷಣದಲ್ಲಿ ಅದರ 5–6 ಪಟ್ಟು ಕರೆಂಟ್ ಎಳೆಯಬಲ್ಲದು. ಮನೆಯ 900 ವಿಎ ಇನ್ವರ್ಟರ್ ಅಲ್ಲೇ ಟ್ರಿಪ್ ಆಗುತ್ತದೆ. ಇಂಥ ಮೋಟಾರಿಗೆ ಸಾಮಾನ್ಯವಾಗಿ 3ರಿಂದ 5 ಕೆವಿಎ ಬೇಕು.

ಅಲೆ: 'ಸ್ಕ್ವೇರ್ ವೇವ್' ಇನ್ವರ್ಟರ್ ಅಗ್ಗ. ಆದರೆ ಅದರಲ್ಲಿ ಮೋಟಾರು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. 'ಪ್ಯೂರ್ ಸೈನ್ ವೇವ್' ಎಂದೇ ಕೇಳಿ ಪಡೆಯಿರಿ.

ಬ್ಯಾಟರಿ: 12 ವೋಲ್ಟ್, 150 ಎಎಚ್‌ನ ಒಂದು ಬ್ಯಾಟರಿಯಲ್ಲಿ 1800 ವ್ಯಾಟ್-ಗಂಟೆ ಇರುತ್ತದೆ. ಬ್ಯಾಟರಿ ಬಾಳಿಕೆ ಬರಬೇಕೆಂದರೆ ಅರ್ಧದಷ್ಟನ್ನೇ ಬಳಸಬೇಕು. ಹೀಗೆ ಲೆಕ್ಕ ಹಾಕಿದರೆ 4 ಬ್ಯಾಟರಿಗಳಿಂದ 1 ಎಚ್‌ಪಿ ಮೋಟಾರು ಹೆಚ್ಚೆಂದರೆ ಸುಮಾರು ಮೂರೂವರೆ ಗಂಟೆ ಓಡುತ್ತದೆ. ನಾಲ್ಕಾರು ಆಕಳು, ಎಮ್ಮೆಗಳಿಗೆ ಇಷ್ಟು ಸಾಕು. ಮೇವು ಕತ್ತರಿಸುವ ಯಂತ್ರವನ್ನು ಇದಕ್ಕೆ ಜೋಡಿಸಬೇಡಿ. ಕರೆಂಟ್ ಇದ್ದಾಗಲೇ ಮೇವು ಕತ್ತರಿಸಿಡಿ.

ಎಚ್ಚರಿಕೆ: ಚಾರ್ಜ್ ಆಗುವಾಗ ಬ್ಯಾಟರಿಯಿಂದ ಬೆಂಕಿ ಹೊತ್ತಬಲ್ಲ ಅನಿಲ ಬರುತ್ತದೆ. ಒಣಮೇವಿನಿಂದ ದೂರ, ಗಾಳಿಯಾಡುವ, ನೀರು ತಾಗದ ಎತ್ತರದ ಜಾಗದಲ್ಲಿಡಿ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಅರ್ಥಿಂಗ್ ತಪ್ಪದೆ ಮಾಡಿಸಿ. ಇನ್ವರ್ಟರ್ ವಿದ್ಯುತ್ತನ್ನು ಗೋಡೆಯ ಸಾಕೆಟ್ಟಿಗೆ ಎಂದಿಗೂ ತಿರುಗಿಸಿ ಕೊಡಬೇಡಿ. ಅದು ಹೊರಗಿನ ತಂತಿಗೆ ಹರಿದರೆ, ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮ್ಯಾನ್ ಪ್ರಾಣಕ್ಕೇ ಕುತ್ತು. ವೈರಿಂಗ್ ಕೆಲಸ ಲೈಸೆನ್ಸ್ ಇರುವವರಿಂದಲೇ ಆಗಲಿ.

ಅಂಗಡಿಗೆ ಹೋಗುವಾಗ ಮೋಟಾರಿನ ಫಲಕದ ಮೇಲಿನ ಎಚ್‌ಪಿ, ವೋಲ್ಟ್, ಆಂಪಿಯರ್ ಬರೆದುಕೊಂಡು ಹೋಗಿ. ಕೊಟ್ಟಿಗೆಯಲ್ಲಿ ನಿಮ್ಮ ಯಂತ್ರವನ್ನೇ ಜೋಡಿಸಿ, ಎರಡು ಮೂರು ಸಲ ಶುರು ಮಾಡಿ ತೋರಿಸಿದ ಮೇಲೆಯೇ ಪೂರ್ತಿ ಹಣ ಕೊಡಿ.